ನೆರೆಯ ಶಾಲೆಯೂ ಹೆತ್ತವರ ಧರ್ಮವೂ

ತಂದೆತಾಯಿಗಳ ಪ್ರೀತಿಯು ಸ್ವಭಾವದಿಂದಲೇ ಪಕ್ಷಪಾತವುಳ್ಳದ್ದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯಲ್ಲಿ ನಗೆಯಿರುವಂತೆ ನಿಜವೂ ಇದೆ. ಊರಿನ ಮಕ್ಕಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಿ ಪ್ರೀತಿಸುವೆನೆಂದು ಹೇಳುವ ತಾಯಿಯನ್ನು ಜನರು ಮೆಚ್ಚಬಹುದು. ಆದರೆ ಅವಳ ಹೊಟ್ಟೆಯಲ್ಲಿ ಹುಟ್ಟಲು ಯಾವ ಕೂಸೂ ಬಯಸಲಾರದು. ಗ್ರೀಕ್ ತತ್ತ್ವಜ್ಞನಾದ ಪ್ಲೇಟೋ ತನ್ನ ಆದರ್ಶ ರಾಜ್ಯದ ಪಾಲಕರಿಗೆ ಇಂಥವನು ನನ್ನ ಮಗನೆಂಬ ಅರಿವೇ ಇರಕೂಡದೆಂದು ವಿಧಿಸಿದನು. ಅವನ ಶಿಷ್ಯನಾದ ಅರಿಸ್ಟಾಟಲನು ಇದನ್ನು ಒಪ್ಪಲಿಲ್ಲ. ಎಲ್ಲರಿಗೂ ಸೇರಿದ ಮಗುವನ್ನು ಯಾರೂ ಸರಿಯಾಗಿ ನೋಡಿಕೊಳ್ಳರೆಂಬುದು ಅವನ ಆಕ್ಷೇಪದ ಸಾರ. ಲೋಕಾನುಭವವು ಈ ವಿಷಯದಲ್ಲಿ ಶಿಷ್ಯನ ಪಕ್ಷದಲ್ಲಿಯೇ ಇದೆ.

ಆದರೆ ತಂದೆಯಾದವನು ತಂದೆ ಮಾತ್ರವಲ್ಲ. ಒಂದು ಊರಿನ ಪ್ರಜೆಯೂ ಹೌದು. ಪ್ರಜೆಯ ಧರ್ಮವು ತನ್ನವರು, ಪರರು ಎಂಬ ಭೇದವನ್ನು ಎಣಿಸುವಂತಿಲ್ಲ. ಮನೆಯೊಳಗೆ ಪಕ್ಷಪಾತವೂ ಬೀದಿಯಲ್ಲಿ ಸಮದೃಷ್ಟಿಯೂ ಇರಲೆಂದು ಹೇಳಿಬಿಡುವುದು ಸುಲಭ. ಈ ಎರಡು ಧರ್ಮಗಳೂ ಒಂದೇ ಬಾಗಿಲಲ್ಲಿ ಎದುರಾಗುವ ಸ್ಥಳವೊಂದಿದೆ; ಅದು ಪಾಠಶಾಲೆಯ ಬಾಗಿಲು. ಮಹಾಭಾರತದಲ್ಲಿ ದ್ರೋಣಾಚಾರ್ಯರು ಶಿಷ್ಯರೆಲ್ಲರಿಗೂ ನೀರು ತರಲು ಕಿರುಬಾಯಿಯ ಕಮಂಡಲುಗಳನ್ನು ಕೊಟ್ಟು, ತಮ್ಮ ಮಗನಾದ ಅಶ್ವತ್ಥಾಮನಿಗೆ ಮಾತ್ರ ಅಗಲಬಾಯಿಯ ಕೊಡವನ್ನು ಕೊಟ್ಟರಂತೆ. ಇತರರ ಪಾತ್ರೆ ತುಂಬುವುದರೊಳಗೆ ಮಗನು ಹಿಂದಿರುಗುವನು. ಆ ನಡುವಣ ಸಮಯದಲ್ಲಿ ಅವನಿಗೆ ಒಂದು ಪಾಠ ಹೆಚ್ಚಾಗಿ ದೊರೆಯುವುದು. ಆಚಾರ್ಯರು ಯಾರಿಗೂ ಅನ್ಯಾಯದ ಮಾತನ್ನಾಡಲಿಲ್ಲ, ಯಾರನ್ನೂ ಹೊರಗೆ ಅಟ್ಟಲಿಲ್ಲ. ಕೊಡದ ಬಾಯನ್ನು ಸ್ವಲ್ಪ ಅಗಲ ಮಾಡಿದರು, ಅಷ್ಟೆ. ಹೆತ್ತವರ ಧರ್ಮದ ಪ್ರಶ್ನೆಯೆಲ್ಲ ಈ ಸಣ್ಣ ಕಥೆಯಲ್ಲಿ ಅಡಗಿದೆ. ತನ್ನ ಮಗುವಿನ ಕೊಡದ ಬಾಯಿ ಎಷ್ಟು ಅಗಲವಾಗಿರಬಹುದು?

ಈ ಪ್ರಶ್ನೆಯನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ ಒಂದು ನಿಜವಾದ ಸ್ಥಳದಲ್ಲಿ ನಿಲ್ಲಿಸಿ ನೋಡುವುದು ಲೇಸು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉಪನಗರಗಳಲ್ಲಿರುವ ಸಾರ್ವಜನಿಕ ಪ್ರಾಥಮಿಕ ಶಾಲೆಯು ಇದಕ್ಕೆ ತಕ್ಕ ಉದಾಹರಣೆ. ಇಂದು ಕನ್ನಡನಾಡಿನ ಎಷ್ಟೋ ಮನೆತನಗಳ ಮೊಮ್ಮಕ್ಕಳು ಅಕ್ಷರ ಕಲಿಯುತ್ತಿರುವುದು ಅಲ್ಲಿಯೇ. ಆದುದರಿಂದ ಆ ಶಾಲೆಯ ವಿಚಾರವು ನಮ್ಮ ಓದುಗರಿಗೆ ಪರದೇಶದ ಸುದ್ದಿಯಾಗಿ ಉಳಿದಿಲ್ಲ.

ಆ ದೇಶದಲ್ಲಿ ಮಗುವು ಐದು ವರ್ಷದ ವಯಸ್ಸಿಗೆ ಕಿಂಡರ್‌ಗಾರ್ಟನ್ ಎಂಬ ಮೊದಲ ತರಗತಿಗೆ ಸೇರಿ, ಸಾಮಾನ್ಯವಾಗಿ ಐದನೆಯ ತರಗತಿಯವರೆಗೆ ಒಂದೇ ಪ್ರಾಥಮಿಕ ಶಾಲೆಯಲ್ಲಿ ಓದುವುದು. ಫೀಜಿಲ್ಲ, ಪ್ರವೇಶಕ್ಕೆ ಪರೀಕ್ಷೆಯಿಲ್ಲ. ಎಲ್ಲ ಅಂತಸ್ತಿನ ಮಕ್ಕಳೂ ಕೂಡಿ ಕಲಿಯುವ ಸಾಮಾನ್ಯ ಶಾಲೆಯೆಂಬ ಈ ಕಲ್ಪನೆಗೆ ರೂಪ ಕೊಟ್ಟವರಲ್ಲಿ ಮುಖ್ಯನಾದವನು, 1837 ರಿಂದ 1848 ರವರೆಗೆ ಮ್ಯಾಸಚೂಸೆಟ್ಸ್ ಸಂಸ್ಥಾನದ ಶಿಕ್ಷಣ ಮಂಡಲಿಯ ಕಾರ್ಯದರ್ಶಿಯಾಗಿದ್ದ ಹೊರೇಸ್ ಮನ್. ಆದರೆ ಯಾವ ಮಗು ಯಾವ ಶಾಲೆಗೆ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಮನೆಯ ವಿಳಾಸ. ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಊರಿನ ಮನೆ ಜಮೀನುಗಳ ಮೇಲಣ ತೆರಿಗೆಯಿಂದ ಬರುವುದು. ಹೀಗಾಗಿ ಅಲ್ಲಿ ಮನೆಯನ್ನು ಕೊಳ್ಳುವವನು ಗೋಡೆ ಚಾವಣಿಗಳ ಜೊತೆಗೆ ಒಂದು ಶಾಲೆಯನ್ನೂ ಕೊಳ್ಳುತ್ತಾನೆ. ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿದೆ. ಆ ಬೀದಿಯ ಬಾಗಿಲಿಗೆ ಮಾತ್ರ ಬೆಲೆಯಿದೆ.

ಆ ಬೆಲೆಯು ಹಣದ್ದು ಮಾತ್ರವಾಗಿರಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಉಪನಗರಗಳು ನಾಯಿಕೊಡೆಗಳಂತೆ ಎದ್ದ ಕಾಲದಲ್ಲಿ ಅವುಗಳಲ್ಲಿ ಅನೇಕವು ಬಿಳಿಯರಿಗೆ ಮೀಸಲಾಗಿದ್ದುವು. 1947 ರಲ್ಲಿ ನ್ಯೂಯಾರ್ಕಿನ ಬಳಿ ಕಟ್ಟಲಾರಂಭಿಸಿದ ಲೆವಿಟ್‌ಟೌನಿನ ಕರಾರುಪತ್ರಗಳಲ್ಲಿಯೇ ಈ ನಿಷೇಧವು ಬರೆದಿದ್ದಿತು. ಇಂಥ ಕರಾರುಗಳನ್ನು ನ್ಯಾಯಸ್ಥಾನಗಳು ಜಾರಿಗೆ ತರಕೂಡದೆಂದು ಸುಪ್ರೀಂ ಕೋರ್ಟು 1948 ರಲ್ಲಿ ತೀರ್ಪು ಕೊಟ್ಟಿತು. ಆದರೂ ಪದ್ಧತಿಯು ತೀರ್ಪಿಗಿಂತ ಬಲವಾಗಿದ್ದಿತು. ಪರ್ಸಿ ಜೂಲಿಯನ್ ಎಂಬ ಪ್ರಖ್ಯಾತ ರಸಾಯನಶಾಸ್ತ್ರಜ್ಞನು ಕಪ್ಪು ಜನಾಂಗದವನು. ಸೋಯಾ ಅವರೆಯಿಂದ ಔಷಧಿಗೆ ಬೇಕಾದ ವಸ್ತುಗಳನ್ನು ತೆಗೆಯುವ ಮಾರ್ಗವನ್ನು ತೋರಿಸಿಕೊಟ್ಟವನು. 1950 ರಲ್ಲಿ ಆತನು ಶಿಕಾಗೋ ನಗರಕ್ಕೆ ಅಂಟಿಕೊಂಡ ಓಕ್ ಪಾರ್ಕ್ ಎಂಬ ಊರಿನಲ್ಲಿ ಮನೆ ಕೊಂಡಾಗ, ಸಂಸಾರವು ಒಕ್ಕಲು ಬರುವ ಮೊದಲೇ ಅದಕ್ಕೆ ಬೆಂಕಿಯಿಡುವ ಪ್ರಯತ್ನ ನಡೆಯಿತು. 1951 ರಲ್ಲಿ ಮಕ್ಕಳು ಮನೆಯಲ್ಲಿದ್ದಾಗಲೇ ಸಿಡಿಮದ್ದನ್ನು ಎಸೆದರು. ಜೂಲಿಯನ್ ಊರನ್ನು ಬಿಡಲಿಲ್ಲ.

ಶಾಲೆಯ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಕಾನ್ಸಾಸ್ ಸಂಸ್ಥಾನದ ಟೊಪೀಕಾ ಎಂಬ ಊರಿನಲ್ಲಿ ಆಲಿವರ್ ಬ್ರೌನ್ ಎಂಬವನು ತನ್ನ ಮಗಳು ಲಿಂಡಾಳನ್ನು ಮನೆಯ ಹತ್ತಿರದ ಶಾಲೆಗೆ ಸೇರಿಸಹೋದನು. ಅದು ಬಿಳಿಯ ಮಕ್ಕಳ ಶಾಲೆಯಾದುದರಿಂದ ಸೇರಿಸಿಕೊಳ್ಳಲಿಲ್ಲ. ಅವನೂ ಅದೇ ಊರಿನ ಇನ್ನೂ ಹನ್ನೆರಡು ಹೆತ್ತವರೂ ನ್ಯಾಯಸ್ಥಾನಕ್ಕೆ ಹೋದರು. ಬೇರೆ ಬೇರೆ ಸಂಸ್ಥಾನಗಳ ಇಂಥವೇ ದಾವೆಗಳನ್ನು ಜೊತೆಗೆ ಸೇರಿಸಿ ವಿಚಾರಿಸಿದ ಸುಪ್ರೀಂ ಕೋರ್ಟು, ಜನಾಂಗಭೇದದಿಂದ ಮಕ್ಕಳನ್ನು ಬೇರ್ಪಡಿಸುವ ಸಾರ್ವಜನಿಕ ಶಾಲೆಗಳು ಸಮಾನವಾಗಲಾರವೆಂದು 1954 ನೆಯ ಮೇ 17 ರಂದು ಏಕಮತದಿಂದ ನಿರ್ಣಯಿಸಿತು. ಆದರೆ 1973 ರಲ್ಲಿ ಅದೇ ನ್ಯಾಯಸ್ಥಾನವು, ಊರೂರಿನ ತೆರಿಗೆಯ ವ್ಯತ್ಯಾಸದಿಂದ ಶಾಲೆಗಳ ನಡುವೆ ಉಂಟಾಗುವ ತಾರತಮ್ಯವು ರಾಷ್ಟ್ರದ ಸಂವಿಧಾನಕ್ಕೆ ವಿರುದ್ಧವಲ್ಲವೆಂದಿತು. ಡೆಟ್ರಾಯಿಟ್ ನಗರದ ಮಕ್ಕಳನ್ನೂ ಅದರ ಉಪನಗರಗಳ ಮಕ್ಕಳನ್ನೂ ಒಂದು ಯೋಜನೆಯೊಳಗೆ ತರಬೇಕೆಂಬ ಆಜ್ಞೆಯನ್ನು 1974 ರಲ್ಲಿ ತಳ್ಳಿಹಾಕಿತು. ನಾಲ್ವರು ನ್ಯಾಯಾಧೀಶರು ಒಪ್ಪಲಿಲ್ಲ, ಐವರ ಮತ ಗೆದ್ದಿತು. ನಗರದ ಎಲ್ಲೆಯು ಹೀಗೆ ಗೋಡೆಯಾಯಿತು. ಗೋಡೆಯಾಚೆ ಹೋಗಿ ನೆಲಸಲು ಶಕ್ತಿಯಿದ್ದವರಿಗೆ ಧರ್ಮಸಂಕಟವೇ ಇರಲಿಲ್ಲ. ಕಾನೂನೇ ಅವರಿಗೆ ಅಗಲಬಾಯಿಯ ಕೊಡವನ್ನು ಕೈಗೆ ಕೊಟ್ಟಿದ್ದಿತು.

ಇಷ್ಟಾದರೂ ಕೆಲವು ಊರುಗಳು ಬೇರೆ ದಾರಿಯನ್ನು ಹಿಡಿದುವು. ಒಹಾಯೋ ಸಂಸ್ಥಾನದ ಶೇಕರ್ ಹೈಟ್ಸ್ ಎಂಬ ಉಪನಗರದ ಲಡ್ಲೋ ಎಂಬ ಭಾಗದಲ್ಲಿ 1956 ರಲ್ಲಿ ಒಬ್ಬ ಕಪ್ಪು ಜನಾಂಗದ ವಕೀಲನ ಹೊಸ ಮನೆಯ ಬಳಿ ಬಾಂಬು ಸಿಡಿಯಿತು. ಅದಾದ ಮೇಲೆ ಅಲ್ಲಿನ ಬಿಳಿಯ ಮತ್ತು ಕಪ್ಪು ಮನೆತನಗಳವರು ಕೂಡಿಕೊಂಡು 1957 ರಲ್ಲಿ ಒಂದು ಸಂಘವನ್ನು ಕಟ್ಟಿ, ಒಬ್ಬರ ಹೆದರಿಕೆಯಿಂದ ಇನ್ನೊಬ್ಬರು ಮನೆ ಮಾರಿ ಓಡದಂತೆ ಬೀದಿಯನ್ನು ಹಿಡಿದು ನಿಲ್ಲಿಸಲು ಯತ್ನಿಸಿದರು. 1970 ರಲ್ಲಿ ಆ ಊರಿನ ಪ್ರಾಥಮಿಕ ಶಾಲೆಗಳಲ್ಲಿ ಎರಡು ಕಡೆಯ ಮಕ್ಕಳೂ ಸ್ವಇಚ್ಛೆಯಿಂದ ಬಸ್ಸಿನಲ್ಲಿ ಹೋಗಿ ಬೆರೆಯುವ ವ್ಯವಸ್ಥೆಯಾಯಿತು. ಓಕ್ ಪಾರ್ಕ್ ಊರು 1968 ರಲ್ಲಿ ಮನೆಗಳ ಮಾರಾಟ ಬಾಡಿಗೆಗಳಲ್ಲಿ ಭೇದವನ್ನು ನಿಷೇಧಿಸುವ ನಿಬಂಧನೆಯನ್ನು ಮಾಡಿತು. ಒಂದು ಕಾಲಕ್ಕೆ ಜೂಲಿಯನ್ನನ ಮನೆಗೆ ಬೆಂಕಿಯಿಡಲು ನೋಡಿದ ಆ ಊರಿನಲ್ಲಿ ಇಂದು ಆತನ ಹೆಸರಿನ ಒಂದು ಶಾಲೆಯಿದೆ. ವಾಷಿಂಗ್ಟನ್ ನಗರದ ನೆರೆಯಲ್ಲಿ, ಮೇರಿಲ್ಯಾಂಡ್ ಸಂಸ್ಥಾನಕ್ಕೆ ಸೇರಿದ ಮಾಂಟ್‌ಗೋಮರಿ ಕೌಂಟಿಯು 1974 ರಿಂದ, ಹೊಸದಾಗಿ ದೊಡ್ಡ ಬಡಾವಣೆಗಳನ್ನು ಕಟ್ಟುವವರು ಕೆಲವು ಮನೆಗಳನ್ನು ಅಲ್ಪವರಮಾನದವರಿಗೆ ಎಟಕುವ ಬೆಲೆಗೆ ಕೊಡಲೇಬೇಕೆಂಬ ಕಾನೂನನ್ನು ನಡೆಸುತ್ತ ಬಂದಿದೆ.

ಈ ಮಾಂಟ್‌ಗೋಮರಿಯಂಥ ಉಪನಗರದ ಒಂದು ತರಗತಿಯನ್ನು ಊಹಿಸಿಕೊಳ್ಳಬಹುದು. ಅಲ್ಲಿನ ಶಾಲೆಗಳಲ್ಲಿ ಓದುವ ಒಂದೂವರೆ ಲಕ್ಷಕ್ಕೂ ಮೇಲ್ಪಟ್ಟ ಮಕ್ಕಳಲ್ಲಿ ಯಾವ ಒಂದು ಜನಾಂಗದವರೂ ಅರ್ಧದಷ್ಟಿಲ್ಲ. ಅವರ ಮನೆಮಾತುಗಳು ನೂರಕ್ಕೂ ಹೆಚ್ಚು. ಸರ್ಕಾರಿ ಅಧಿಕಾರಿಯ ಮಗಳ ಪಕ್ಕದಲ್ಲಿ ಎಲ್ ಸಾಲ್ವಡೋರ್ ದೇಶದಿಂದ ಬಂದ ಗಾರೆಯವನ ಮಗ. ಅವನ ಪಕ್ಕದಲ್ಲಿ ಇಥಿಯೋಪಿಯದ ದಾದಿಯೊಬ್ಬಳ ಮಗು. ಎದುರಿಗೆ ಮೈಸೂರಿನಿಂದ ಹೋದ ಗಣಕಯಂತ್ರದ ಎಂಜಿನಿಯರನ ಮಗ. ಮಧ್ಯಾಹ್ನದ ಊಟಕ್ಕೆ ಕೆಲವರು ಹಣ ತೆರುತ್ತಾರೆ. ಬಡ ಮನೆಗಳ ಮಕ್ಕಳಿಗೆ 1946 ರ ಒಂದು ಕಾನೂನಿನ ಆಧಾರದ ಮೇಲೆ ಉಚಿತವಾಗಿಯೋ ಕಡಮೆ ಬೆಲೆಗೋ ಊಟ ದೊರೆಯುತ್ತದೆ. ಇಂಗ್ಲಿಷ್ ಬಾರದ ಮಗುವಿಗೆ ಅರ್ಥವಾಗುವಂತೆ ಕಲಿಸುವ ಭಾರವು ಶಾಲೆಯದೆಂದು ಸುಪ್ರೀಂ ಕೋರ್ಟು ನಿರ್ಣಯಿಸಿದ್ದು 1974 ರಲ್ಲಿ, ಸಾನ್ ಫ್ರಾನ್ಸಿಸ್ಕೋ ನಗರದ ಚೀನೀ ಮಕ್ಕಳ ಮೊಕದ್ದಮೆಯಲ್ಲಿ. ದೇಶದೊಳಗೆ ಬರಲು ರಹದಾರಿಯಿಲ್ಲದವರ ಮಕ್ಕಳನ್ನೂ ಹಿಂದಕ್ಕೆ ಕಳುಹಿಸಕೂಡದೆಂದು 1982 ರಲ್ಲಿ ತೀರ್ಪಾಯಿತು. ಬಂದ ಮಗುವನ್ನು ನೀನು ಯಾರವನೆಂದು ಕೇಳದೆ ಒಳಗೆ ಕರೆಯುವ ಸಂಸ್ಥೆಗಳು ಲೋಕದಲ್ಲಿ ಹೆಚ್ಚಾಗಿಲ್ಲ.

ಹೆತ್ತವರ ಕಣ್ಣಿಗೆ ಈ ಶಾಲೆಯು ಹೇಗೆ ಕಾಣುವುದು? ಅವರ ಮನಸ್ಸಿನಲ್ಲಿ ಹೆಮ್ಮೆಯೂ ಭಯವೂ ಒಟ್ಟಿಗೆ ಇರುತ್ತವೆ. ಲೋಕವೆಲ್ಲ ಒಂದು ಕೋಣೆಯಲ್ಲಿ ಕುಳಿತಿರುವುದನ್ನು ಕಂಡು ಹೆಮ್ಮೆ. ಇಂಗ್ಲಿಷ್ ಅಕ್ಷರ ಬಾರದವರಿಗೆ ಕಲಿಸುವುದರಲ್ಲಿಯೇ ಉಪಾಧ್ಯಾಯಿನಿಯ ಹೊತ್ತು ಕಳೆದುಹೋದರೆ, ಆಗಲೇ ಓದಲು ಬಲ್ಲ ತನ್ನ ಮಗು ಕಿಟಕಿಯನ್ನು ನೋಡುತ್ತ ಕೂತೀತೆಂದು ಭಯ. ಶಾಲೆಗಳ ಪರೀಕ್ಷಾಫಲವನ್ನು ಅಂಕೆಯಲ್ಲಿ ಅಳೆದು ಹತ್ತಕ್ಕೆ ಇಷ್ಟೆಂದು ಪ್ರಕಟಿಸುವ ಪಟ್ಟಿಗಳಿವೆ. ಮೈಲಿ ದೂರದ ಇನ್ನೊಂದು ಬಡಾವಣೆಯ ಶಾಲೆಗೆ ಒಂಬತ್ತು, ಈ ಶಾಲೆಗೆ ಐದು. ಆ ಬಡಾವಣೆಯಲ್ಲಿ ಮನೆ ಕೊಳ್ಳುವ ಶಕ್ತಿಯೂ ಇದ್ದರೆ, ಇಲ್ಲಿಯೇ ಉಳಿಯುವುದು ಮಗುವಿಗೆ ಮಾಡಿದ ದ್ರೋಹವಾಗುವುದಿಲ್ಲವೆ?

ಮೊದಲು ಆ ಅಂಕೆಯನ್ನೇ ಪರೀಕ್ಷಿಸತಕ್ಕದ್ದು. 1966 ರಲ್ಲಿ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞನು ಸರ್ಕಾರದ ಪರವಾಗಿ ಸುಮಾರು 6 ಲಕ್ಷ ಮಕ್ಕಳ ವಿಚಾರಣೆ ನಡೆಸಿ ದೊಡ್ಡ ವರದಿಯನ್ನು ಕೊಟ್ಟನು. ಮಗುವಿನ ಫಲಿತಾಂಶವನ್ನು ಶಾಲೆಯ ಕಟ್ಟಡ ಪುಸ್ತಕಗಳಿಗಿಂತ ಮನೆಯ ಸ್ಥಿತಿಗತಿಯೇ ಹೆಚ್ಚಾಗಿ ನಿರ್ಣಯಿಸುವುದೆಂದೂ, ಅದರ ತರುವಾಯ ಮುಖ್ಯವಾದುದು ಸಹಪಾಠಿಗಳ ಮನೆಯ ಸ್ಥಿತಿಯೆಂದೂ ಅವನು ಕಂಡುಕೊಂಡನು. ಹಾಗಾದರೆ ಒಂಬತ್ತು ಎಂಬ ಅಂಕೆಯು ಬಹುಮಟ್ಟಿಗೆ ಹೇಳುವುದು ಆ ಬೀದಿಯ ವರಮಾನವನ್ನು. ಉಪಾಧ್ಯಾಯರ ಜಾಣ್ಮೆಯನ್ನು ಅದು ಹೇಳುವುದು ಅಷ್ಟಕ್ಕಷ್ಟೆ. ಅಂಕೆಯನ್ನು ನೋಡಿ ಶಾಲೆಯನ್ನು ಆರಿಸುವವನು, ಬೆಳೆಯನ್ನು ನೋಡಿ ಉಳುವವನ ಕೌಶಲವನ್ನು ಅಳೆದು, ನೆಲದ ಸಾರವನ್ನು ಮರೆತವನಂತೆ.

ಎರಡನೆಯದಾಗಿ, ಕೂಡಿ ಕುಳಿತುಕೊಳ್ಳುವುದರಿಂದ ಯಾರಿಗೆ ಎಷ್ಟು ಲಾಭವೆಂಬ ಪ್ರಶ್ನೆ. ಇದಕ್ಕೆ ಮಾಂಟ್‌ಗೋಮರಿಯಲ್ಲಿಯೇ ಒಂದು ಉತ್ತರವಿದೆ. ಅಲ್ಲಿನ ಸಾರ್ವಜನಿಕ ವಸತಿಯ ಮನೆಗಳನ್ನು ಬಡ ಸಂಸಾರಗಳಿಗೆ ಹಂಚುವಾಗ ಅದೃಷ್ಟದ ಚೀಟಿಯಂತೆ ಹಂಚುತ್ತಿದ್ದರು. ಆದುದರಿಂದ ಒಂದೇ ಬಗೆಯ ಮಕ್ಕಳಲ್ಲಿ ಕೆಲವರು ಅನುಕೂಲಸ್ಥರು ಹೆಚ್ಚಾಗಿರುವ ಶಾಲೆಗೂ ಕೆಲವರು ಬಡವರು ಹೆಚ್ಚಾಗಿರುವ ಶಾಲೆಗೂ ಸೇರಿದರು. ಹೆದರ್ ಶ್ವಾರ್ಟ್ಸ್ ಎಂಬ ಸಂಶೋಧಕಿಯು 2001 ರಿಂದ 2007 ರವರೆಗೆ ಇಂಥ ಸುಮಾರು 850 ಮಕ್ಕಳ ಕಲಿಕೆಯನ್ನು ಅನುಸರಿಸಿ, ಫಲಿತಾಂಶವನ್ನು 2010 ರಲ್ಲಿ ಪ್ರಕಟಿಸಿದಳು. ಕೌಂಟಿಯು ಬಡಶಾಲೆಗಳಿಗೆ ಹೆಚ್ಚಿನ ಹಣವನ್ನು ಕೊಟ್ಟಿದ್ದರೂ, ಮೊದಲ ಬಗೆಯ ಶಾಲೆಯಲ್ಲಿ ಓದಿದ ಬಡಮಕ್ಕಳೇ ಪ್ರಾಥಮಿಕ ವಿದ್ಯಾಭ್ಯಾಸದ ಕೊನೆಗೆ ಗಣಿತದಲ್ಲಿಯೂ ಓದಿನಲ್ಲಿಯೂ ಮುಂದಾದರು. ನೆರೆಯಲ್ಲಿ ಕುಳಿತ ಮಗುವೂ ಒಂದು ಪಾಠವೆಂಬುದು ಇದರಿಂದ ಸಿದ್ಧವಾಗುವುದು.

ಈಗ ಧರ್ಮದ ಪ್ರಶ್ನೆಯು ಸ್ಪಷ್ಟವಾಗುತ್ತದೆ. ಅನುಕೂಲಸ್ಥರು ಉಳಿದರೆ ಬಡಮಗುವಿಗೆ ಲಾಭ. ಅವರು ಎದ್ದು ಹೋದರೆ ಅದಕ್ಕೆ ನಷ್ಟ. ಹಾಗೆಂದು, ಪರರ ಮಗುವಿನ ಲಾಭಕ್ಕಾಗಿ ತನ್ನ ಮಗುವನ್ನು ಒಂದು ಶಾಲೆಯಲ್ಲಿ ಇಡಬೇಕೆಂದು ಯಾರಿಗಾದರೂ ವಿಧಿಸಬಹುದೆ? ಹೆತ್ತವರ ತತ್ತ್ವಕ್ಕೆ ಮಗುವನ್ನು ಬಲಿಯಾಗಿ ಕೊಡುವುದು ಧರ್ಮವಲ್ಲ. ಮಗುವು ವ್ರತವನ್ನು ತೊಟ್ಟಿಲ್ಲ. ತಂದೆ ತೊಟ್ಟ ವ್ರತಕ್ಕೆ ಅದು ಉಪವಾಸವಿರಬೇಕಾಗಿಲ್ಲ. ಈ ಆಕ್ಷೇಪವು ಬಲವಾದುದು, ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ.

ಆದರೆ ಈ ಆಕ್ಷೇಪದಲ್ಲಿ ಎರಡು ಬೇರೆ ಬೇರೆ ಮಾತುಗಳು ಕಲೆತುಹೋಗಿವೆ. ಮಗುವು ಕೆಡದಿರಲಿ ಎಂಬುದು ಒಂದು. ಮಗುವು ಇತರರಿಗಿಂತ ಮುಂದಿರಲಿ ಎಂಬುದು ಇನ್ನೊಂದು. ದ್ರೋಣರ ಕಥೆಯಲ್ಲಿಯೇ ಈ ಭೇದವು ತೋರುವುದು. ಅರ್ಜುನನು ಒಳ್ಳೆಯ ಬಿಲ್ಲಾಳಾಗಬೇಕೆಂದು ಆಚಾರ್ಯರು ಶ್ರಮಿಸಿದ್ದರಲ್ಲಿ ತಪ್ಪೇನೂ ಇಲ್ಲ. ಅವನಿಗೆ ಸಮನಾದವನು ಇನ್ನೊಬ್ಬನಿರಕೂಡದೆಂಬ ಮಾತನ್ನು ಉಳಿಸಿಕೊಳ್ಳುವುದಕ್ಕಾಗಿ ಏಕಲವ್ಯನ ಹೆಬ್ಬೆರಳನ್ನು ಕೇಳಿದರಲ್ಲ, ಅಲ್ಲಿ ಅಧರ್ಮವು ಪ್ರವೇಶಿಸಿತು. ಏಕಲವ್ಯನ ಹೆಬ್ಬೆರಳು ಹೋದುದರಿಂದ ಅರ್ಜುನನ ಬಾಣ ಒಂದು ಅಂಗುಲವೂ ಮುಂದೆ ಹೋಗಲಿಲ್ಲ. ಅವನ ಸ್ಥಾನ ಭದ್ರವಾಯಿತು, ವಿದ್ಯೆ ಮೊದಲಿದ್ದಷ್ಟೇ ಉಳಿಯಿತು.

ಹೀಗೆ ಮಗುವಿನ ಹಿತವನ್ನು ಬಯಸುವಾಗ ಹೆತ್ತವರು ಕೇಳಿಕೊಳ್ಳತಕ್ಕ ಪ್ರಶ್ನೆ ಇದು: ನಾವು ಬೇಡುವುದು ನೆರೆಯ ಮಗುವಿಗೂ ದೊರೆತರೆ ನಮ್ಮ ಮಗುವಿಗೆ ಅದರ ಬೆಲೆ ಕಡಮೆಯಾಗುವುದೆ? ರಾತ್ರಿ ಮಲಗುವಾಗ ಹೇಳುವ ಕಥೆ, ಒಳ್ಳೆಯ ಪುಸ್ತಕ, ಲೆಕ್ಕವನ್ನು ತಾಳ್ಮೆಯಿಂದ ತಿಳಿಸುವುದು, ಮನೆಮಾತನ್ನು ಉಳಿಸಿಕೊಡುವುದು, ಇವುಗಳ ಬೆಲೆ ಎಲ್ಲರಿಗೂ ದೊರೆತರೂ ಕುಂದುವುದಿಲ್ಲ. ಇವನ್ನು ತನ್ನ ಮಗುವಿಗೆ ಎಷ್ಟು ಕೊಟ್ಟರೂ ಯಾರೂ ಆಕ್ಷೇಪಿಸಲಾರರು. ಆದರೆ ಇತರರಿಗೆ ದೊರೆಯದಿರುವುದೇ ಯಾವುದರ ಬೆಲೆಯೋ, ಅಂಥದನ್ನು ಕೊಳ್ಳಹೊರಟಾಗ ತಂದೆಯು ತಂದೆತನದ ಹೆಸರಿನಲ್ಲಿ ಬೇರೆ ವ್ಯಾಪಾರವನ್ನು ನಡೆಸುತ್ತಿದ್ದಾನೆ.

ಕೋಲ್ಮನ್ನನ ವರದಿಯು ಇಲ್ಲಿ ಇನ್ನೊಂದು ವಿಧದಲ್ಲಿ ಸಹಾಯಕ್ಕೆ ಬರುವುದು. ಮನೆಯ ಪ್ರಭಾವವೇ ದೊಡ್ಡದಾದರೆ, ಪುಸ್ತಕಗಳಿರುವ ಮನೆಯ ಮಗುವು ಸಾಮಾನ್ಯ ಶಾಲೆಯಲ್ಲಿ ಓದಿ ಕೆಡುವುದೆಂಬ ಭಯಕ್ಕೆ ಆಧಾರ ಕಡಮೆ. ಅದಕ್ಕೆ ಆಗಬಹುದಾದ ನಷ್ಟವೆಲ್ಲ ಮೊದಲನೆಯ ಸ್ಥಾನ ತಪ್ಪೀತೆಂಬುದು. ನಿಜವಾಗಿ ಕೆಡುವ ಮಗುವೂ ಇಲ್ಲದಿಲ್ಲ. ದಿನದಿನವೂ ಪೀಡೆಗೆ ಗುರಿಯಾಗಿ ಅಳುತ್ತ ಬರುವ ಮಗು, ವಿಶೇಷ ಸಹಾಯ ಬೇಕಾಗಿಯೂ ದೊರೆಯದ ಮಗು, ಇಂಥವರ ಹೆತ್ತವರು ಬೇರೆ ಶಾಲೆಯನ್ನು ಹುಡುಕಿದರೆ ಅವರನ್ನು ದೂಷಿಸುವ ಅಧಿಕಾರ ಯಾರಿಗೂ ಇಲ್ಲ. ಮಿಕ್ಕವರು ತಮ್ಮ ಭಯವು ಯಾವ ಜಾತಿಯದೆಂದು ಪ್ರಾಮಾಣಿಕವಾಗಿ ನೋಡಿಕೊಳ್ಳಬೇಕು.

ಕಾನೂನು ಈ ಭಾರವನ್ನು ಹೊರಲಿ, ವ್ಯಕ್ತಿಗೇಕೆ ಎಂದು ಕೇಳಬಹುದು. ಕಾನೂನಿನ ಕೈ ಎಷ್ಟು ನೀಳವೆಂಬುದನ್ನು 2007 ರ ತೀರ್ಪು ತೋರಿಸಿತು. ಸಿಯಾಟಲ್ ಮತ್ತು ಲೂಯಿವಿಲ್ ನಗರಗಳು ಶಾಲೆಗಳಲ್ಲಿ ಜನಾಂಗಗಳು ಬೆರೆಯುವಂತೆ ಮಕ್ಕಳನ್ನು ಹಂಚುತ್ತಿದ್ದುವು. ಅದರಿಂದ ತಮ್ಮ ಮಕ್ಕಳಿಗೆ ಬೇಕಾದ ಶಾಲೆ ತಪ್ಪಿತೆಂದು ಹೆತ್ತವರು ದಾವೆ ಹೂಡಿದರು. ಒಬ್ಬೊಬ್ಬ ಮಗುವಿನ ಜನಾಂಗವನ್ನು ಎಣಿಸಿ ಹಾಗೆ ಹಂಚುವುದು ಸಂವಿಧಾನಕ್ಕೆ ಸಲ್ಲದೆಂದು ಐವರು ನ್ಯಾಯಾಧೀಶರು ನಾಲ್ವರ ಭಿನ್ನಾಭಿಪ್ರಾಯದ ಮೇಲೆ ತೀರ್ಪಿತ್ತರು. 1954 ರಲ್ಲಿ ಟೊಪೀಕಾದ ತಂದೆ ಹತ್ತಿರದ ಶಾಲೆಗಾಗಿ ಬೇಡಿದನು. 2007 ರಲ್ಲಿ ಲೂಯಿವಿಲ್ಲಿನ ತಾಯಿಯೂ ಬೇಕಾದ ಶಾಲೆಗಾಗಿಯೇ ಬೇಡಿದಳು. ಇಬ್ಬರೂ ಮಗುವಿನ ಹೆಸರಿನಲ್ಲಿಯೇ ನ್ಯಾಯಸ್ಥಾನವನ್ನು ಹತ್ತಿದವರು. ಆದರೆ ಒಬ್ಬನ ಗೆಲುವಿನಿಂದ ಅವನಂಥ ಎಲ್ಲ ಮಕ್ಕಳಿಗೂ ಬಾಗಿಲು ತೆರೆಯಿತು. ಇನ್ನೊಬ್ಬಳ ಗೆಲುವಿನಿಂದ, ಅವಳು ಅದನ್ನು ಬಯಸದೆ ಇದ್ದಿರಬಹುದಾದರೂ, ಬೆರೆಸುವ ಒಂದು ಸಾಧನವು ಊರುಗಳ ಕೈತಪ್ಪಿತು. ಕಾನೂನು ಬಿಟ್ಟುಕೊಟ್ಟ ಆ ಜಾಗದಲ್ಲಿ ಈಗ ಉಳಿದಿರುವುದು ಬಹುಮಟ್ಟಿಗೆ ಹೆತ್ತವರ ಆಯ್ಕೆ.

ಉಳಿದುಕೊಂಡ ಮಾತ್ರಕ್ಕೆ ಧರ್ಮವು ಪೂರ್ಣವಾಯಿತೆ? ಒಂದೇ ಸೂರಿನ ಕೆಳಗೆ ಎರಡು ಶಾಲೆಗಳಿರಬಹುದು. ಜಾಣಮಕ್ಕಳ ತರಗತಿಯೆಂದು ಒಂದನ್ನು ಬೇರ್ಪಡಿಸಿದರೆ, ಅದರೊಳಗೆ ಓದಿದ ಮನೆಗಳ ಮಕ್ಕಳೇ ತುಂಬಿಕೊಳ್ಳುವರು. ಅಷ್ಟು ಹೆಸರಾದ ಶೇಕರ್ ಹೈಟ್ಸಿನಲ್ಲಿಯೇ ದಶಕಗಳ ಕಾಲ ಮೇಲಣ ಪಾಠಗಳಲ್ಲಿ ಬಿಳಿಯ ಮಕ್ಕಳೂ ಕೆಳಗಣ ಪಾಠಗಳಲ್ಲಿ ಕಪ್ಪು ಮಕ್ಕಳೂ ಹೆಚ್ಚಾಗಿದ್ದು, 2020 ರಲ್ಲಿ ಆ ವಿಂಗಡಣೆಯ ಬಹುಭಾಗವನ್ನು ಮಧ್ಯಮ ತರಗತಿಗಳಲ್ಲಿ ತೆಗೆದುಹಾಕಬೇಕಾಯಿತು. ಹೆತ್ತವರ ಸಂಘದಲ್ಲಿಯೂ ಹಾಗೆಯೇ. ಸಂಜೆ ಏಳು ಗಂಟೆಯ ಸಭೆಗೆ ಬರುವವರು ಬಿಡುವೂ ಇಂಗ್ಲಿಷೂ ಇದ್ದವರು. ರಾತ್ರಿಪಾಳಿಯ ಕೆಲಸದ ತಾಯಿಯ ಮಾತು ಅಲ್ಲಿ ಕೇಳಿಬರುವುದಿಲ್ಲ. ಹುಟ್ಟುಹಬ್ಬದ ಔತಣಕ್ಕೆ ಯಾರನ್ನು ಕರೆಯುತ್ತಾರೆಂಬ ಪಟ್ಟಿಯನ್ನು ನೋಡಿದರೆ ಶಾಲೆಯೊಳಗಣ ಗೋಡೆಗಳು ಕಣ್ಣಿಗೆ ಬೀಳುತ್ತವೆ.

ಇದಕ್ಕಿಂತ ಸೂಕ್ಷ್ಮವಾದ ದೋಷ ಇನ್ನೊಂದಿದೆ. ಇಂಥ ಶಾಲೆಯನ್ನು ಹೊಗಳುವ ಹೆತ್ತವರು, ನಾನಾ ಜನಾಂಗದವರೊಡನೆ ಬೆಳೆಯುವುದು ನಮ್ಮ ಮಗುವಿಗೆ ಒಳ್ಳೆಯದು, ಅದರ ಬುದ್ಧಿ ವಿಶಾಲವಾಗುವುದು, ಎಂದು ಹೇಳುವುದುಂಟು. ಮಾತು ನಿಜವೆ. ಆದರೆ ಅಷ್ಟಕ್ಕೇ ನಿಂತರೆ ಗಾರೆಯವನ ಮಗನು ಅವರ ಮಗುವಿನ ಪಾಠಕ್ಕೆ ತೂಗುಹಾಕಿದ ಒಂದು ಚಿತ್ರಪಟವಾಗುತ್ತಾನೆ. ಅವನಿಗೂ ಓದು ಬಂದಿತೆ, ಅವನ ಲೆಕ್ಕ ಸರಿಯಾಯಿತೆ ಎಂಬ ಪ್ರಶ್ನೆ ಅವರ ಮನಸ್ಸಿಗೆ ಹೊಳೆಯುವುದಿಲ್ಲ. ಬೇರೊಬ್ಬರ ಮಗುವನ್ನು ತನ್ನ ಮಗುವಿನ ಬೆಳವಣಿಗೆಯ ಸಾಮಗ್ರಿಯಾಗಿ ಎಣಿಸುವುದು, ಅದನ್ನು ಅಡ್ಡಿಯೆಂದು ಎಣಿಸುವುದಕ್ಕಿಂತ ಸೌಮ್ಯವಾದ ತಪ್ಪು. ಆದರೂ ತಪ್ಪೇ ಸರಿ.

ಕೂಡಿ ಕುಳಿತವರೆಲ್ಲ ಸ್ನೇಹಿತರಾಗುವುದಿಲ್ಲವೆಂಬುದನ್ನು ಪುರಾಣವೂ ಬಲ್ಲದು. ಸಾಂದೀಪನಿಯ ಆಶ್ರಮದಲ್ಲಿ ಜೊತೆಗೆ ಓದಿದ ಕುಚೇಲನ ಹಿಡಿ ಅವಲಕ್ಕಿಗೆ ಕೃಷ್ಣನು ಸಿಂಹಾಸನದಿಂದ ಇಳಿದು ಬಂದನು. ಜೊತೆಗೆ ಓದಿದ ದ್ರೋಣನಿಗೆ ದ್ರುಪದನು, ಸಮಾನರಿಗಲ್ಲದೆ ಸ್ನೇಹವೆಲ್ಲಿ ಎಂದು ತುಂಬಿದ ಸಭೆಯಲ್ಲಿ ಹೇಳಿದನು. ದ್ರೋಣನು ದ್ರುಪದನಲ್ಲಿಗೆ ಏಕೆ ಹೋದನೆಂಬುದು ಇಲ್ಲಿ ನೆನಪಿಡತಕ್ಕ ಸಂಗತಿ. ಸಿರಿವಂತರ ಮಕ್ಕಳು ಹಾಲು ಕುಡಿಯುವುದನ್ನು ಕಂಡು ಬಾಲಕ ಅಶ್ವತ್ಥಾಮನು ಹಾಲಿಗಾಗಿ ಅತ್ತನು. ಹುಡುಗರು ಹಿಟ್ಟು ಕಲಸಿದ ನೀರನ್ನು ಹಾಲೆಂದು ಕೊಟ್ಟರು. ಅದನ್ನು ಕುಡಿದು ಅವನು ಕುಣಿದಾಡಿದುದನ್ನು ಕಂಡು ನಕ್ಕರು. ಆ ನಗೆಯನ್ನು ಕೇಳಿ ಸಹಿಸಲಾರದೆ ತಂದೆಯು ಊರು ಬಿಟ್ಟು ಹೊರಟನು. ಮುಂದೆ ಕೊಡದ ಬಾಯನ್ನು ಅಗಲ ಮಾಡಿದವನೂ ಇದೇ ತಂದೆ. ಒಂದು ಕಾಲದಲ್ಲಿ ತನ್ನ ಮಗುವಿಗೆ ಹಾಲಿರಲಿಲ್ಲವೆಂಬ ನೋವು ಪರರ ಮಕ್ಕಳ ಮೇಲಣ ಕರುಣೆಯಾಗಲಿಲ್ಲ. ತನ್ನ ಮಗುವಿಗೆ ಇನ್ನಷ್ಟು ಬೇಕೆಂಬ ಹಸಿವಾಯಿತು. ಶಾಲೆಯ ಊಟದ ಕೋಣೆಯಲ್ಲಿ ಕುಳಿತ ಮಕ್ಕಳು ಯಾರ ತಟ್ಟೆಯನ್ನು ನೋಡಿ ಏನೆನ್ನುತ್ತಾರೆಂಬುದು ಚಿಕ್ಕ ವಿಷಯವಲ್ಲ.

ಕನ್ನಡದ ಮನೆತನಗಳಿಗೆ ಈ ಕಥೆಯು ಒಂದು ಎಚ್ಚರಿಕೆಯಾಗಬಹುದು. 1946 ರ ಕಾನೂನಿನ ಪ್ರಕಾರ ಭಾರತದಿಂದ ವರ್ಷಕ್ಕೆ ಸುಮಾರು 100 ಮಂದಿ ಮಾತ್ರ ಅಮೆರಿಕಕ್ಕೆ ಒಕ್ಕಲು ಹೋಗಬಹುದಾಗಿದ್ದಿತು. 1965 ರಲ್ಲಿ ದೇಶವನ್ನು ನೋಡಿ ಅಳೆಯುವ ಆ ಪದ್ಧತಿಯು ರದ್ದಾಯಿತು. ಕಪ್ಪು ಜನಾಂಗದವರು ತಮ್ಮ ಹಕ್ಕಿಗಾಗಿ ನಡೆಸಿದ ಹೋರಾಟವು ಆ ದೇಶದ ಮನಸ್ಸನ್ನು ಕದಲಿಸಿದ ವರ್ಷಗಳಲ್ಲಿಯೇ ಈ ಬಾಗಿಲೂ ತೆರೆಯಿತು. ಜೂಲಿಯನ್ನನಂಥವರು ಬೆಂಕಿಯ ನಡುವೆ ಕಾದುಕೊಂಡ ಹಕ್ಕಿನ ಫಲವಾಗಿ, ಮೈಬಣ್ಣವನ್ನು ಯಾರೂ ಕೇಳದೆ ಮನೆ ಕೊಳ್ಳುವುದು ಈ ಹೊಸಬರಿಗೆ ಸಾಧ್ಯವಾಯಿತು. ಹಾಗಿದ್ದೂ ಶಾಲೆಯ ಅಂಕೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಆ ಬಣ್ಣದವರು ಕಡಮೆಯಿರುವ ಬಡಾವಣೆಯನ್ನು ಹುಡುಕುವವರಲ್ಲಿ ನಮ್ಮವರು ಇಲ್ಲವೆಂದು ಹೇಳುವಂತಿಲ್ಲ. ಡಬ್ಬಿಯ ಚಿತ್ರಾನ್ನದ ವಾಸನೆಗೆ ಮೂಗು ಮುರಿದ ಸಹಪಾಠಿಯ ಮಾತಿನಿಂದ ನೊಂದ ಮನೆಯು, ಇನ್ನೊಂದು ಮಗುವಿನ ಉಚಿತ ಊಟಕ್ಕೆ ಮೂಗು ಮುರಿದರೆ ದ್ರೋಣರ ದಾರಿಯನ್ನೇ ಹಿಡಿದಂತೆ.

ತಾಯ್ನಾಡಿನ ಅನುಭವವೂ ಇವರಿಗೆ ಪಾಠವಾಗಬೇಕಾಗಿದೆ. ಕರ್ಣಾಟಕದ ಪೇಟೆಪಟ್ಟಣಗಳಲ್ಲಿ ಒಂದು ಕಾಲಕ್ಕೆ ಅಮಲ್ದಾರರ ಮಗನೂ ಜವಾನನ ಮಗನೂ ಒಂದೇ ಸರ್ಕಾರಿ ಶಾಲೆಯ ಮಣೆಯ ಮೇಲೆ ಕುಳಿತದ್ದುಂಟು. ಓದುಬರಹ ಬಲ್ಲ ಮನೆಗಳು ಒಂದೊಂದಾಗಿ ಖಾಸಗಿ ಶಾಲೆಗಳಿಗೆ ಸರಿದ ಮೇಲೆ, ಸರ್ಕಾರಿ ಶಾಲೆಯ ಚಾವಣಿ ಸೋರಿದರೆ ಅರ್ಜಿ ಬರೆಯುವವರೂ ಅಧಿಕಾರಿಯ ಮುಂದೆ ಧೈರ್ಯವಾಗಿ ನಿಲ್ಲುವವರೂ ಕಡಮೆಯಾದರು. ಶಾಲೆಯಿಂದ ಅನುಕೂಲಸ್ಥರ ಮಕ್ಕಳು ಹೊರಟಾಗ, ಮಕ್ಕಳ ಜೊತೆಗೆ ಹೆತ್ತವರ ಬಾಯಿಯೂ ಹೊರಟುಹೋಗುತ್ತದೆ. 2009 ರ ಶಿಕ್ಷಣ ಹಕ್ಕಿನ ಕಾನೂನು ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಸ್ಥಳಗಳನ್ನು ದುರ್ಬಲರ ಮಕ್ಕಳಿಗೆ ಕೊಡಬೇಕೆಂದು ವಿಧಿಸಿದ್ದೂ, ಬಿಟ್ಟುಹೋದವರ ಹಿಂದೆ ಬಡಮಕ್ಕಳನ್ನು ಕಳುಹಿಸುವ ಒಂದು ಯತ್ನವೇ ಆಗಿದೆ.

ಆದುದರಿಂದ ನೆರೆಯ ಶಾಲೆಯಲ್ಲಿ ಉಳಿದ ಹೆತ್ತವರಿಗೆ ತ್ಯಾಗಿಗಳೆಂಬ ಬಿರುದು ಬೇಕಾಗಿಲ್ಲ. ಅವರು ಮಾಡತಕ್ಕ ಕೆಲಸವು ಸಾಧಾರಣವಾದುದು. ಮಗನ ತರಗತಿಯ ಮಕ್ಕಳ ಹೆಸರುಗಳನ್ನು, ನಾಲಗೆಗೆ ಒಗ್ಗದಿದ್ದರೂ, ಸರಿಯಾಗಿ ಉಚ್ಚರಿಸಲು ಕಲಿಯುವುದು. ಸಭೆಯ ಹೊತ್ತನ್ನು ದುಡಿಯುವ ತಾಯಂದಿರಿಗೂ ಆಗುವಂತೆ ಬದಲಿಸಲು ಕೇಳುವುದು. ಅಲ್ಲಿ ದುಭಾಷಿಯೊಬ್ಬನು ಇರುವಂತೆ ನೋಡಿಕೊಳ್ಳುವುದು. ತನ್ನ ಮಗುವಿಗೆ ಮೇಲಣ ಪಾಠವನ್ನು ಕೇಳುವಾಗ, ಆ ಪಾಠಕ್ಕೆ ತಕ್ಕ ಬೇರೆ ಮಕ್ಕಳನ್ನು ಯಾರೂ ಗುರುತಿಸದೆ ಬಿಟ್ಟಿಲ್ಲವೆ ಎಂದೂ ಕೇಳುವುದು. ಔತಣದ ಪಟ್ಟಿಗೆ ಎರಡು ಹೆಸರುಗಳನ್ನು ಹೆಚ್ಚಾಗಿ ಸೇರಿಸುವುದು. ಪಕ್ಕದ ಹುಡುಗನಿಗೆ ಊಟವು ಬಿಟ್ಟಿ ಏಕೆಂದು ಮಗು ಕೇಳಿದಾಗ, ಗದರಿಸಿ ಸುಮ್ಮನಿರಿಸದೆ, ಅವರಪ್ಪ ಕಟ್ಟಿದ ಮನೆಗಳಲ್ಲಿ ನಾವಿದ್ದೇವೆ, ಆದರೂ ಅವರಿಗೆ ಬರುವ ಸಂಬಳ ಸಾಲುವುದಿಲ್ಲ, ಎಂದು ಇದ್ದುದನ್ನು ಇದ್ದಹಾಗೆ ಹೇಳುವುದು.

ಇಷ್ಟರಿಂದ ಬೀದಿಗಳ ನಡುವಣ ಗೋಡೆಗಳು ಬೀಳುವುವೆಂದು ಹೇಳಲಾಗದು. ಮನೆಯ ಬೆಲೆಯೇ ಶಾಲೆಯ ಬೆಲೆಯಾಗಿರುವವರೆಗೆ, ತೆರಿಗೆಯ ಹಂಚಿಕೆಯೂ ಬಡಾವಣೆಗಳ ಕಾನೂನೂ ಬದಲಾಗದ ಹೊರತು, ಒಬ್ಬೊಬ್ಬ ತಂದೆತಾಯಿಯ ಸದ್ಭಾವವು ಒಂದೊಂದು ತರಗತಿಯನ್ನು ಮಾತ್ರ ಮುಟ್ಟೀತು. ಆದರೆ ಆ ಕಾನೂನುಗಳನ್ನು ಬದಲಿಸಲು ಬಾಯಿ ತೆರೆಯುವವರಾದರೂ ಯಾರು? ಇನ್ನೊಬ್ಬರ ಮಗುವಿನ ಹೆಸರನ್ನೂ ಮುಖವನ್ನೂ ಬಲ್ಲವರಲ್ಲಿ ಕೆಲವರಾದರೂ ಆ ಕೆಲಸಕ್ಕೆ ಮುಂದಾಗುವರೆಂದು ಲಡ್ಲೋವಿನ ಬೀದಿಯು ತೋರಿಸಿಕೊಟ್ಟಿತು. ಹೆತ್ತವರ ಪ್ರೀತಿಯು ಪಕ್ಷಪಾತವುಳ್ಳದ್ದಾಗಿಯೇ ಇರಲಿ. ಮಗುವಿನ ಜೊತೆಯಲ್ಲಿ ಕುಳಿತವರು ಯಾರೆಂಬುದನ್ನು ಅದು ಅರಿತಿರಲಿ.